ಒಂದು ಫ್ಲಾಪಿಯೋ, ಎರಡು ಫ್ಲಾಪಿಯೋ

ಶಾರ್ಟ್‌ಹ್ಯಾಂಡ್ ಕಲಿಸುವಾಗ ನನಗೊಂದು ಕೆಟ್ಟ ಹೆಸರಿತ್ತು, ವೇಗವಾಗಿ ಬರೆಯುವ ಮಕ್ಕಳನ್ನೇ ಫೇಲ್ ಮಾಡುತ್ತೇನೆ ಅಂತ. ಅದು ಪೂರ್ತಿ ನಿಜವಲ್ಲ. ಒಬ್ಬಳು ಬರೆದ ನೋಟ್ಸನ್ನು ಪಕ್ಕದಲ್ಲಿ ಕೂತವಳ ಕೈಗೆ ಕೊಟ್ಟು ಓದಿಸುತ್ತಿದ್ದೆ, ಅಷ್ಟೆ. ಆಕೆಗೆ ಓದಲಿಕ್ಕಾಗದಿದ್ದರೆ ಬರೆದವಳಿಗೆ ಮಾರ್ಕು ಇಲ್ಲ. ತನಗೆ ಮಾತ್ರ ತಿಳಿಯುವ ಗೆರೆ ಚುಕ್ಕಿಗಳನ್ನು ಸೇರಿಸಿಕೊಂಡು ನಿಮಿಷಕ್ಕೆ ನೂರಿಪ್ಪತ್ತು ಶಬ್ದ ಬರೆದು ಬೀಗುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಿದ್ದರು. ನಾಳೆ ನೀನು ರಜೆ ಹಾಕಿದರೆ ಆಫೀಸಿನಲ್ಲಿ ಇದನ್ನು ಯಾರು ಓದುವುದು ಎಂದು ಕೇಳುತ್ತಿದ್ದೆ. ಇಪ್ಪತ್ತೈದು ವರ್ಷ ಈ ಪ್ರಶ್ನೆ ಕೇಳಿದ ನಾನು, ಕೇಳಲೇಬೇಕಾದ ಒಂದು ದಿನ ಅದನ್ನು ಕೇಳಲಿಲ್ಲ. ಆ ಕಥೆಯನ್ನು ಈಗ ಬರೆಯುತ್ತಿದ್ದೇನೆ.

ನನ್ನ ಇನ್‌ಸ್ಟಿಟ್ಯೂಟ್ ಇದ್ದದ್ದು ಬಂಟ್ವಾಳದ ಬಿ.ಸಿ. ರೋಡಿನಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಹನ್ನೊಂದು ಟೈಪ್‌ರೈಟರು, ಒಂದು ಕರಿಹಲಗೆ. ತೊಂಬತ್ತರ ದಶಕದ ಕೊನೆಗೆ ಆ ಸಾಲಿನ ತುದಿಯಲ್ಲಿ ಒಂದು ಕಂಪ್ಯೂಟರು ಬಂದು ಕೂತಿತು. ಅದನ್ನು ತಂದು ಕೂರಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಫರಂಗಿಪೇಟೆಯ ಬ್ಯಾರಿಗಳ ಮನೆಯ ಹುಡುಗಿ. ಹದಿನಾರನೆಯ ವಯಸ್ಸಿನಲ್ಲಿ ನನ್ನಲ್ಲಿ ಟೈಪಿಂಗ್ ಕಲಿತವಳು, ಆಮೇಲೆ ಎಂ.ಎಸ್‌ಸಿ. ಮಾಡಿ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಗಣಿತದ ಲೆಕ್ಚರರ್ ಆದಳು. ಅಣ್ಣಂದಿರು ಗಲ್ಫಿನಿಂದ ಬರುವಾಗ ಚಿನ್ನದ ಬದಲು ಕಂಪ್ಯೂಟರಿನ ಬಿಡಿಭಾಗ ತರಬೇಕೆಂದು ಹಟ ಹಿಡಿಯುತ್ತಿದ್ದಳು. ಅವಳಿಗೆ ತಲೆ ಸರಿಯಿಲ್ಲ ಎಂದು ಅಣ್ಣಂದಿರು ನನ್ನ ಹತ್ತಿರ ದೂರು ಹೇಳಿದ್ದುಂಟು. ಫ್ರ್ಯಾಂಕ್ಲಿ, ನನಗೂ ಒಮ್ಮೊಮ್ಮೆ ಹಾಗೆ ಕಂಡಿತ್ತು.

ಒಮ್ಮೆ ಅವಳ ಕಾಲೇಜಿನ ವಸ್ತುಪ್ರದರ್ಶನಕ್ಕೆ ಅಳದಂಗಡಿಯ ಒಬ್ಬರು ರಿಟೈರ್ಡ್ ಹೆಡ್‌ಮಾಷ್ಟ್ರು ಬಂದಿದ್ದರಂತೆ. ಕಂಪ್ಯೂಟರನ್ನು ಸುತ್ತ ನೋಡಿ, ಇದಕ್ಕೆ ಅ ಆ ಇ ಈ ಗೊತ್ತುಂಟಾ ಎಂದು ಕೇಳಿದರಂತೆ. ಗೊತ್ತಿರಲಿಲ್ಲ. ಇವಳಿಗೆ ಅದು ಸ್ವಂತ ಅವಮಾನದಂತೆ ಆಯಿತು. ಮಾಷ್ಟ್ರು ಇಪ್ಪತ್ತು ವರ್ಷಗಳಿಂದ ಗದ್ದೆ, ಗಿಡ, ಮೀನು, ಅಡುಗೆಗೆ ಸಂಬಂಧಿಸಿದ ತುಳು ಶಬ್ದಗಳನ್ನು ಹಳೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದರು. ಅವನ್ನು ಅಕಾರಾದಿಯಾಗಿ ಜೋಡಿಸಬೇಕೆಂಬುದು ಅವರ ಆಸೆ. ಒಂದು ವರ್ಷ ರಾತ್ರಿ ಹಗಲು ಕೂತು ಇವಳು ಅದಕ್ಕೊಂದು ಪ್ರೋಗ್ರಾಮ್ ಬರೆದಳು. ಕನ್ನಡ ಅಕ್ಷರದಲ್ಲಿ ಶಬ್ದ ಟೈಪ್ ಮಾಡಿದರೆ ಅದು ತನ್ನ ಜಾಗಕ್ಕೆ ತಾನೇ ಹೋಗಿ ನಿಲ್ಲುತ್ತಿತ್ತು. ಮಾಷ್ಟ್ರಿಗೆ ಒಂದು ಹಳೆಯ ಕಂಪ್ಯೂಟರನ್ನೂ ಜೋಡಿಸಿ ಕೊಟ್ಟಳು. ಅದರಲ್ಲಿ ಹಾಕಿದ್ದು ವಿಂಡೋಸ್ ಅಲ್ಲ, ಲಿನಕ್ಸ್, ಯಾರು ಬೇಕಾದರೂ ಬಿಟ್ಟಿಯಾಗಿ ಹಂಚಬಹುದಾದದ್ದು. ತನ್ನ ಪ್ರೋಗ್ರಾಮನ್ನೂ ಹಾಗೆಯೇ ಬಿಟ್ಟುಕೊಡುತ್ತೇನೆ ಎಂದಳು. ತಯಾರಾದ ಪ್ರೋಗ್ರಾಮನ್ನು ಮಾತ್ರವಲ್ಲ, ಅದನ್ನು ಬರೆದ ಒಂದೊಂದು ಸಾಲನ್ನೂ. ಉಪ್ಪಿನಕಾಯಿಯ ಜೊತೆಗೆ ಅದನ್ನು ಹಾಕುವ ಕ್ರಮವನ್ನೂ ಬರೆದು ಕೊಟ್ಟ ಹಾಗೆ. ನಮ್ಮ ಕಡೆ ಅತ್ತೆ ಸೊಸೆಗೂ ಅದನ್ನು ಪೂರ್ತಿ ಹೇಳಿಕೊಡುವುದಿಲ್ಲ.

ನನ್ನ ಪಾಲಿಗೆ ಬಂದದ್ದು ಪತ್ರವ್ಯವಹಾರ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಕೊನೆಗೂ ಒಂದು ಕೆಲಸಕ್ಕೆ ಬಂತು. ಪ್ರೋಗ್ರಾಮಿನ ಜೊತೆಗೆ ಹೋಗುವ ವಿವರಣೆಯನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ನಾನೇ ಬರೆದೆ. ಅದನ್ನು ಇಂಟರ್ನೆಟ್ಟಿನಲ್ಲಿ ಇಟ್ಟ ಮೇಲೆ ಯಾವ್ಯಾವುದೋ ಊರಿನವರಿಂದ ಮೇಲ್ ಬರತೊಡಗಿತು. ನಾನು ಪ್ರತಿಯೊಂದಕ್ಕೂ ಡಿಯರ್ ಸರ್, ವಿತ್ ರೆಫರೆನ್ಸ್ ಟು ಯುವರ್ ಮೇಲ್ ಎಂದು ಶುರುಮಾಡಿ ಉತ್ತರ ಬರೆಯುತ್ತಿದ್ದೆ. ಮಿಸ್, ಅವರು ಹೆದರ್ತಾರೆ, ಹಲೋ ಅಂತ ಬರೆದ್ರೆ ಸಾಕು ಎಂದು ಇವಳು ನಗುತ್ತಿದ್ದಳು. ನನಗೆ ಹಲೋ ಎಂದು ಬರೆಯಲಿಕ್ಕೆ ಕೈ ಬರಲಿಲ್ಲ.

ಮೇಲ್ ಬರೆಯುವವರಲ್ಲಿ ಎಲ್ಲೋ ಉತ್ತರದ ಚಳಿದೇಶದ ಒಬ್ಬರು ಮಹನೀಯರಿದ್ದರು. ಕನ್ನಡ ಬಾರದು, ತುಳು ಕೇಳಿಲ್ಲ. ಆದರೂ ನಮ್ಮ ಪ್ರೋಗ್ರಾಮಿನ ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಂಡು ಕೇಳಿದವರಿಗೆ ಕೊಡುತ್ತಿದ್ದರು. ಮೊದಲ ಸಲ ನಾವು ಫೈಲುಗಳನ್ನೆಲ್ಲ ಜಿಪ್ ಮಾಡಿ, ಅಂದರೆ ಒತ್ತಿ ಒಂದೇ ಕಟ್ಟು ಮಾಡಿ, ಕಳಿಸಿದ್ದೆವು. ಲಿನಕ್ಸಿನವರಿಗೆ ಅದು ಸರಿ ಹೊಂದುವುದಿಲ್ಲ, ಟಾರ್ ಮಾಡಿ ಬೀಜಿಪ್-ಟೂನಲ್ಲಿ ಕಳಿಸಿ, ಬಹಳ ಸಣ್ಣದಾಗುತ್ತದೆ, ಎಂದು ಬರೆದರು. ವಾರದೊಳಗೆ ಇನ್ನೊಬ್ಬರು, ಅದು ಬೇಡ, ಹಳೆಯ ಜೀಜಿಪ್ಪೇ ಸಾಕು, ಎಲ್ಲರಲ್ಲೂ ಇರುವುದು ಅದೇ, ಎಂದರು. ನನಗೆ ಈ ಜಗಳದ ತಲೆಬುಡ ತಿಳಿಯಲಿಲ್ಲ. ತಿಳಿಯದ್ದನ್ನು ಬಿಡುವ ಅಭ್ಯಾಸ ನನಗಿಲ್ಲ. ಮುಂದಿನ ಶನಿವಾರ ಅವಳು ಬಂದಾಗ ಹಿಡಿದು ಕೂರಿಸಿದೆ.

ಟಾರ್ ಎಂದರೆ ಬರೀ ಪೆಟ್ಟಿಗೆ ಎಂದಳು. ನೂರಾರು ಫೈಲುಗಳನ್ನು ಒಂದು ಪೆಟ್ಟಿಗೆಯಲ್ಲಿ ಸಾಲಾಗಿ ಇಡುತ್ತದೆ, ಸಣ್ಣದು ಮಾಡುವುದಿಲ್ಲ. ಸಣ್ಣದು ಮಾಡುವುದು ಆಮೇಲಿನ ಕೆಲಸ, ಸೂಟ್‌ಕೇಸಿನ ಮೇಲೆ ಕೂತು ಮುಚ್ಚುವ ಹಾಗೆ. ಹಾಗಾದರೆ ಒಳಗಿನ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಪ್ರಶ್ನೆ ಅವಳಿಗೆ ಇಷ್ಟವಾಯಿತು. ಜೀಜಿಪ್ ಏನು ಮಾಡುತ್ತದೆಂದರೆ, ಒಮ್ಮೆ ಬಂದ ಶಬ್ದ ಮತ್ತೆ ಬಂದಾಗ ಅದನ್ನು ಪುನಃ ಬರೆಯುವುದಿಲ್ಲ, ಇಷ್ಟು ಹಿಂದೆ ಹೋಗಿ ನೋಡಿಕೊಳ್ಳಿ ಎಂದು ಗುರುತು ಹಾಕುತ್ತದೆ. ಅರೆ, ಇದು ನಮ್ಮ ಡಿಟ್ಟೋ ಅಲ್ಲವೇ ಎಂದೆ. ಹೌದು ಮಿಸ್, ಡಿಟ್ಟೋವೇ.

ಬೀಜಿಪ್-ಟೂ ಮಾತ್ರ ನನ್ನನ್ನು ಮರುಳು ಮಾಡಿತು. ಅದು ಮೊದಲು ಅಕ್ಷರಗಳನ್ನೆಲ್ಲ ಸ್ಥಳ ಬದಲಾಯಿಸಿ, ಒಂದೇ ಜಾತಿಯವನ್ನು ಒಟ್ಟೊಟ್ಟಿಗೆ ತಂದು ನಿಲ್ಲಿಸುತ್ತದೆ. ಆಮೇಲೆ ಒತ್ತುತ್ತದೆ. ಕಲಸಿದ್ದನ್ನು ಮತ್ತೆ ಮೊದಲಿನ ಹಾಗೆ ಮಾಡಬಹುದೆಂದು ನಾನು ನಂಬಲೇ ಇಲ್ಲ. ಅವಳು ಒಂದು ಹಾಳೆಯಲ್ಲಿ ಐದಕ್ಷರದ ಇಂಗ್ಲಿಷ್ ಪದವನ್ನು ಐದು ರೀತಿಯಲ್ಲಿ ತಿರುಗಿಸಿ ಬರೆದು, ಸಾಲುಗಳನ್ನು ಅಕಾರಾದಿಯಾಗಿ ಜೋಡಿಸಿ, ಕೊನೆಯ ಕಂಬಸಾಲನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹರಿದು ಬಿಸಾಡಿದಳು. ಇನ್ನು ನೀವೇ ಮಾಡಿ ಎಂದಳು. ಅವಳು ಹೇಳಿದ ಹಾಗೆ ಒಂದೊಂದೇ ಕಂಬ ಸೇರಿಸಿ ಜೋಡಿಸುತ್ತ ಹೋದೆ. ಕಾಲು ಗಂಟೆಯಲ್ಲಿ ಹರಿದು ಹೋದ ಪದ ನನ್ನ ಕೈಯಲ್ಲೇ ಎದ್ದು ಬಂತು. ಐವತ್ತೈದು ವರ್ಷ ದಾಟಿದವಳು ನಾನು, ಚಪ್ಪಾಳೆ ತಟ್ಟಿದೆ.

ಇದಿಷ್ಟೂ ಆಟದಂತೆ ನಡೆದಿರುವಾಗ ವಿಷಯ ಗಂಭೀರವಾಯಿತು. ಅವಳಿಗೆ ಮಸ್ಕತ್ತಿನ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಕೆಲಸ ಸಿಕ್ಕಿತು, ಎರಡು ವರ್ಷದ ಕರಾರು. ಹೊರಡಲಿಕ್ಕೆ ಮೂರು ವಾರ ಇತ್ತು. ಅದೇ ಸಮಯಕ್ಕೆ ಮಾಷ್ಟ್ರ ಕಂಪ್ಯೂಟರಿನಲ್ಲಿ ತೊಂದರೆ ಕಂಡಿತು. ಶಬ್ದಗಳು ಒಂದು ಮಿತಿ ದಾಟಿದ ಮೇಲೆ ಸಾಲು ತಪ್ಪುತ್ತಿದ್ದವು, ಹೊಸದಾಗಿ ಟೈಪ್ ಮಾಡಿದ್ದು ಉಳಿಯುತ್ತಿರಲಿಲ್ಲ. ಹಾಳೆಗಳನ್ನು ಅಕ್ಷರಕ್ಕೊಂದು ಕಟ್ಟು ಮಾಡಿಕೊಂಡು ಟೈಪ್ ಮಾಡುತ್ತ, ನಕಾರ ಮುಗಿಸಿ ಪಕಾರಕ್ಕೆ ಬಂದವರು ಅಲ್ಲಿಯೇ ನಿಂತಿದ್ದರು. ಅವಳು ತಪ್ಪನ್ನು ಹುಡುಕಿ ಸರಿಪಡಿಸಿದಳು. ಹೊಸ ಪ್ರತಿ ಅವರ ಮನೆಗೆ ಮುಟ್ಟಬೇಕಿತ್ತು. ಅಲ್ಲಿ ಇಂಟರ್ನೆಟ್ ಇಲ್ಲ, ಸಿ.ಡಿ. ಡ್ರೈವ್ ಕೆಟ್ಟು ವರ್ಷವಾಗಿತ್ತು. ಇದ್ದದ್ದು ಫ್ಲಾಪಿಯ ಬಾಯಿ ಒಂದೇ.

“ನಾನು ಹೋದ ಮೇಲೆ ಅವರ ಕಂಪ್ಯೂಟರಿನ ಹತ್ತಿರ ಹೋಗುವವರು ಯಾರೂ ಇಲ್ಲ ಮಿಸ್” ಎಂದಳು. “ಈ ಸಲದ್ದು ಮಾತ್ರ ಅಲ್ಲ, ಇನ್ನು ಮುಂದೆ ನಾನು ಅಲ್ಲಿಂದ ಏನು ಕಳಿಸಿದ್ರೂ ನಾನಿಲ್ಲದೆ ತೆರೀಬೇಕು. ಇಲ್ಲದಿದ್ರೆ ಮಾಷ್ಟ್ರ ಶಬ್ದ ಪಕಾರದಲ್ಲೇ ನಿಂತ್ಹೋಗ್ತದೆ.”

ನಾನಿದ್ದೇನಲ್ಲ ಎಂದೆ. ಅವಳು ನನ್ನನ್ನು ಪ್ರೀತಿಯಿಂದ ನೋಡಿದಳು.

ಜೀಜಿಪ್ಪಿನಲ್ಲಿ ಒತ್ತಿದರೆ ಅದು ಒಂದು ಫ್ಲಾಪಿಗೆ ಸ್ವಲ್ಪ ಹೆಚ್ಚಾಗುತ್ತಿತ್ತು. ಎರಡು ತುಂಡು ಮಾಡಿ ಎರಡು ಫ್ಲಾಪಿಯಲ್ಲಿ ಹಾಕಿ, ಅಲ್ಲಿ ಮತ್ತೆ ಜೋಡಿಸಬೇಕು. ನಮ್ಮ ಮಳೆಗಾಲದಲ್ಲಿ ಫ್ಲಾಪಿಗೂ ಬೂಸ್ಟು ಹಿಡಿಯುತ್ತದೆ. ಎರಡರಲ್ಲಿ ಒಂದು ಕೆಟ್ಟರೂ ಇನ್ನೊಂದು ದಂಡ. ಬೀಜಿಪ್-ಟೂನಲ್ಲಿ ಒತ್ತಿದರೆ ಒಂದೇ ಫ್ಲಾಪಿ, ಮೇಲೆ ಸ್ವಲ್ಪ ಜಾಗವೂ ಉಳಿಯುತ್ತದೆ. ಆದರೆ ಮಾಷ್ಟ್ರ ಹಳೆಯ ಲಿನಕ್ಸಿನಲ್ಲಿ ಅದನ್ನು ಬಿಚ್ಚುವ ಪ್ರೋಗ್ರಾಮ್ ಇರಲಿಲ್ಲ. ಬಿಚ್ಚುವುದನ್ನೂ ಅದೇ ಫ್ಲಾಪಿಯಲ್ಲಿ ಪಕ್ಕಕ್ಕೆ ಇಡಬಹುದು, ಸಣ್ಣದು. ಅವಳಿಗೆ ಅನುಮಾನವಿತ್ತು. ಒಂದೇ ಫ್ಲಾಪಿಯೇ ಆಗಲಿ ಎಂದು ವಾದಿಸಿದವಳು ನಾನು. ಆ ಅಕ್ಷರ ಕಲಸುವ ಜಾದೂ ನನ್ನ ತಲೆಯಿಂದ ಇಳಿದಿರಲಿಲ್ಲ. ಚಿಕ್ಕದಾಗಿ ಬರೆಯುವವರ ಮೇಲೆ ಶಾರ್ಟ್‌ಹ್ಯಾಂಡ್ ಟೀಚರಿಗೆ ಒಳಗೊಳಗೇ ಒಂದು ವೀಕ್‌ನೆಸ್ ಇರುತ್ತದೆ, ಹೊರಗೆ ಎಷ್ಟೇ ಸ್ಟ್ರಿಕ್ಟ್ ಆಗಿದ್ದರೂ.

ಅವಳು ಪ್ರೋಗ್ರಾಮಿನ ದೊಡ್ಡ ಫೈಲನ್ನೂ ಅದನ್ನು ಬಿಚ್ಚುವ ಸಣ್ಣ ಫೈಲನ್ನೂ ನನ್ನ ಕಂಪ್ಯೂಟರಿನಲ್ಲಿ ಇಟ್ಟುಹೋದಳು. ವಿವರಣೆಯ ಕೊನೆಯ ಪ್ಯಾರಾ ತಿದ್ದಿ, ಮತ್ತೆ ಕಟ್ಟಿ, ಫ್ಲಾಪಿಗೆ ಹಾಕಿ ಮಾಷ್ಟ್ರಿಗೆ ಕೊಟ್ಟುಬರುವುದು ನನ್ನ ಕೆಲಸ. ಕಟ್ಟುವ ಕಮಾಂಡನ್ನು ಅವಳೇ ನನಗೆ ಕಲಿಸಿದ್ದಳು. ತಿದ್ದಿದೆ. ಕಟ್ಟಲಿಕ್ಕೆ ಹೊರಟಾಗ ಆ ಬಿಚ್ಚುವ ಸಣ್ಣ ಫೈಲು ಒಂದೇ ಹೊರಗೆ ಬಿದ್ದುಕೊಂಡದ್ದು ಕಣ್ಣಿಗೆ ಚುಚ್ಚಿತು. ನಮ್ಮ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಮಂಚದ ಕೆಳಗೆ ಒಂದು ಸ್ಲಿಪ್ಪರ್ ಅಡ್ಡ ಬಿದ್ದಿದ್ದರೂ ಸಿಸ್ಟರು ಎಬ್ಬಿಸಿ ಸರಿ ಇಡಿಸುತ್ತಿದ್ದರು. ಅದನ್ನೂ ಒಳಗೆ ಸೇರಿಸಿ ಒಂದೇ ಪೊಟ್ಟಣ ಮಾಡಿದೆ. ಒಂದು ಫ್ಲಾಪಿ, ಒಂದು ಫೈಲು, ಟೈಪ್‌ರೈಟರಿನಲ್ಲಿ ಹೊಡೆದು ಅಂಟಿಸಿದ ಒಂದು ಲೇಬಲ್. ವೆರಿ ಟೈಡಿ ಎಂದು ನನಗೆ ನಾನೇ ಹೇಳಿಕೊಂಡೆ.

ಬಿ.ಸಿ. ರೋಡಿನಿಂದ ಬೆಳ್ತಂಗಡಿ ಬಸ್ಸು ಹತ್ತಿ ಗುರುವಾಯನಕೆರೆಯಲ್ಲಿ ಇಳಿದು ವೇಣೂರು ಬಸ್ಸು ಹಿಡಿದೆ. ಫ್ಲಾಪಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿ ಇಟ್ಟಿದ್ದೆ. ಮಾಷ್ಟ್ರು ಅಳದಂಗಡಿಯ ಸ್ಟಾಪಿನಲ್ಲೇ ಕಾದು ನಿಂತಿದ್ದರು.

ಅವರದು ಒಂದು ವಿಶೇಷ. ಮನೆಯಲ್ಲಿ ನಮ್ಮೆಲ್ಲರ ಹಾಗೆ ತುಳು ಮಾತಾಡುವವರು, ಕಂಪ್ಯೂಟರಿನ ಸ್ವಿಚ್ಚು ಹಾಕಿದ ಕೂಡಲೇ ಕನ್ನಡಕ್ಕೆ ತಿರುಗುತ್ತಿದ್ದರು, ಕ್ಲಾಸಿಗೆ ಹೋದ ಹಾಗೆ. ಶಾಲು ಸರಿಮಾಡಿಕೊಂಡು ಕೂತರು. ನಾನು ಟೈಪ್ ಮಾಡಿ ಕೊಟ್ಟಿದ್ದ ಸೂಚನೆಯ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಒಂದನೆಯ ಸೂಚನೆ, ಫ್ಲಾಪಿಯಲ್ಲಿರುವ ಎರಡು ಫೈಲುಗಳಲ್ಲಿ ಸಣ್ಣದನ್ನು ಮೊದಲು ಕಾಪಿ ಮಾಡಿ. ಪರದೆಯನ್ನು ನೋಡಿದರು, ಹಾಳೆಯನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಟೀಚರೇ, ಇಲ್ಲಿ ಎರಡು ಅಂತ ಉಂಟು. ನನಗೆ ಒಂದೇ ಕಾಣ್ತದೆ. ತಪ್ಪು ಕಣ್ಣಿನದ್ದಾ, ಕಂಪ್ಯೂಟರಿನದ್ದಾ?”

“ನನ್ನದು ಮಾಷ್ಟ್ರೇ” ಎಂದೆ.

ಆದರೂ ಅವರು ಬಿಚ್ಚುವ ಕಮಾಂಡನ್ನು ಒಮ್ಮೆ ಹೊಡೆದು ನೋಡಿದರು. ಕಮಾಂಡ್ ನಾಟ್ ಫೌಂಡ್ ಎಂದಿತು ಪರದೆ. ಮನೆಯವರು ತಂದಿಟ್ಟ ಪುನರ್ಪುಳಿ ಶರಬತ್ತು ಹಾಗೆಯೇ ಬಿಟ್ಟು ಪೇಟೆಯ ಎಸ್.ಟಿ.ಡಿ. ಬೂತಿಗೆ ನಡೆದೆ. ಕಾಲೇಜಿನ ಆಫೀಸಿಗೆ ಫೋನ್ ಮಾಡಿ ಅವಳನ್ನು ಕರೆಸಿ ವಿಷಯ ಹೇಳಿದೆ.

“ಮಿಸ್, ಚಾವಿಯನ್ನು ಪೆಟ್ಟಿಗೆಯ ಒಳಗೆ ಇಟ್ಟು ಬೀಗ ಹಾಕಿದ್ರಾ?”

“ಟೈಡಿಯಾಗಿ ಇರಲಿ ಅಂತ.”

ಅವಳು ನಕ್ಕಳು. ನನಗೂ ನಗು ಬರಬೇಕಿತ್ತು, ಬರಲಿಲ್ಲ. “ಬೇಜಾರು ಮಾಡ್ಬೇಡಿ” ಎಂದಳು, “ನೀವು ತಪ್ಪಿದ್ದು ಒಳ್ಳೇದೇ ಆಯ್ತು. ನೀವೇ ತಪ್ಪಿದ್ರೆ ಬೇರೆಯವರು ತಪ್ಪದೆ ಇರ್ತಾರಾ? ಚಾವಿ ಕಳಿಸಿಕೊಡಬೇಕಾದಂಥ ಬೀಗವೇ ನಮಗೆ ಬೇಡ.” ಹೊಗಳಿದಳೋ ಬೈದಳೋ ಈಗಲೂ ತಿಳಿದಿಲ್ಲ. ನಾನು ಕ್ಲಾಸಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಬಸ್ಸಿನಲ್ಲಿ ಮರಳುವಾಗ ನೆನಪಾಯಿತು. ನಾಳೆ ನೀನು ರಜೆ ಹಾಕಿದರೆ ಇದನ್ನು ಯಾರು ಓದುವುದು. ಮಡಂತ್ಯಾರು ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಜೀಜಿಪ್ ಎಂದು ತೀರ್ಮಾನವಾಯಿತು. ಅದನ್ನು ಬಿಚ್ಚುವುದು ಮಾಷ್ಟ್ರ ಕಂಪ್ಯೂಟರಿನಲ್ಲಿ ಮೊದಲ ದಿನದಿಂದಲೇ ಇತ್ತು. ಎರಡು ಫ್ಲಾಪಿಗಳದ್ದು ಒಂದು ಜೊತೆ, ಅಂಥ ಮೂರು ಜೊತೆ. ಬೂಸ್ಟಿಗೆ ಬೂಸ್ಟಿನ ಪಾಲು ಎಂದಳು. ಈ ಸಲ ನೀನೂ ಬಾ ಎಂದು ನಾನು ಕರೆದೆ. ಹೊರಡಲಿಕ್ಕೆ ಹತ್ತು ದಿನವೂ ಇರಲಿಲ್ಲ, ಆದರೆ ಅವಳು ಹೇಳಿದ ಕಾರಣ ಅದಲ್ಲ.

“ನಾನು ಬಂದ್ರೆ ಅದು ತೆರೀತದೆ ಮಿಸ್. ನಾನು ಬರದೆ ತೆರೀಬೇಕು. ನೀವು ಕೂಡ ಜಗಲಿಯಲ್ಲಿ ಕೂತ್ಕೊಳ್ಬೇಕು, ಮಾತಾಡ್ಲಿಕ್ಕಿಲ್ಲ.”

ಹಾಗೆ ಎರಡನೆಯ ಸಲ ಅಳದಂಗಡಿಗೆ ಹೋಗಿ ಆರು ಫ್ಲಾಪಿಗಳನ್ನೂ ಹೊಸ ಹಾಳೆಯನ್ನೂ ಮಾಷ್ಟ್ರ ಕೈಗೆ ಕೊಟ್ಟು ಜಗಲಿಯ ಬೆಂಚಿನಲ್ಲಿ ಕೂತೆ. ಪರೀಕ್ಷಾ ಹಾಲಿನ ಹೊರಗೆ ಕೂತ ತಾಯಂದಿರ ಅವಸ್ಥೆ ಅಂದು ತಿಳಿಯಿತು. ಶರಬತ್ತನ್ನು ಈ ಸಲ ಎರಡು ಲೋಟ ಕುಡಿದೆ. ಒಳಗಿನಿಂದ ಡ್ರೈವಿನ ಕರಕರ ಶಬ್ದ ಕೇಳಿಸುತ್ತಿತ್ತು. ಮೊದಲ ಫ್ಲಾಪಿ ಓದಿತು, ಅದು ಶಬ್ದದಲ್ಲೇ ತಿಳಿಯುತ್ತಿತ್ತು. ಎರಡನೆಯದು ಹಾಕಿದಾಗ ಕರಕರ ನಿಂತು ನಿಂತು ಬಂತು, ಮತ್ತೆ ಅದೇ ಜಾಗಕ್ಕೆ ಹೋಗಿ ಕೆರೆದ ಹಾಗೆ. ಬೂಸ್ಟು. ಬೇರೆ ಜೊತೆಯದ್ದನ್ನು ಹಾಕಿ ಎಂದು ನಾಲಿಗೆಯ ತುದಿಯವರೆಗೆ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಒಳಗೆ ಹಾಳೆ ಮಗುಚಿದ ಸದ್ದು. ಆಮೇಲೆ ಫ್ಲಾಪಿ ಹೊರಗೆ ಬಂದ ಟಕ್ ಶಬ್ದ, ಇನ್ನೊಂದು ಒಳಗೆ ಹೋದ ಶಬ್ದ. ಈ ಸಲ ಕರಕರ ಒಂದೇ ಹದದಲ್ಲಿ ಸಾಗಿ ನಿಂತಿತು. ಬಳಿಕ ಕೀಬೋರ್ಡು ಮಾತ್ರ, ನಿಧಾನಕ್ಕೆ, ಒಂದು ಬೆರಳಿನದ್ದು. ತುಂಡುಗಳನ್ನು ಜೋಡಿಸುವ ಸಾಲು, ಬಿಚ್ಚುವ ಸಾಲು. ನಾನು ಟೈಪಿಂಗ್ ಟೀಚರ್, ಎಷ್ಟು ಅಕ್ಷರ ಹೊಡೆದರೆಂದು ಎಣಿಸುತ್ತ ಕೂತಿದ್ದೆ.

ತುಂಬ ಹೊತ್ತು ಏನೂ ಕೇಳಿಸಲಿಲ್ಲ.

“ಬಲೆ, ತೂಲೆ” ಎಂದರು ಒಳಗಿನಿಂದ, ಬನ್ನಿ, ನೋಡಿ ಅಂತ. ಕಂಪ್ಯೂಟರು ಚಾಲೂ ಇರುವಾಗ ಅವರು ತುಳುವಿನಲ್ಲಿ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಪರದೆಯ ಮೇಲೆ ನಕಾರದ ಸಾಲುಗಳು ಮುಗಿದು, ಕೆಳಗೆ ಹೊಸದೊಂದು ಶಬ್ದ ನಿಂತಿತ್ತು. ಪಜೆ. ಚಾಪೆ. ಅವರು ಅದನ್ನು ಮೂರು ಸಲ ಮುಚ್ಚಿ ತೆರೆದು ತೋರಿಸಿದರು. ಮೂರು ಸಲವೂ ಇತ್ತು.

ಅವಳು ಹೊರಡುವ ಎರಡು ದಿನ ಮೊದಲು ಫರಂಗಿಪೇಟೆಯ ಅವರ ಮನೆಗೆ ಹೋಗಿದ್ದೆ. ಸಾಮಾನಿನ ಪಟ್ಟಿ ಟೈಪ್ ಮಾಡಿ ತಂದಿದ್ದೆ, ಗಲ್ಫಿಗೆ ಹೋಗುವವರ ಕಾರ್ಟನ್ನುಗಳ ಮೇಲೆ ಅಂಟಿಸುವ ಪಟ್ಟಿಗಳನ್ನು ನಾನೇ ಹೊಡೆದುಕೊಡುವುದು ಬಹಳ ಹಿಂದಿನ ರೂಢಿ. ಚಾವಡಿಯ ನಡುವೆ ಅವಳ ಪೆಟ್ಟಿಗೆ ತೆರೆದಿತ್ತು. ನೆರೆಕರೆಯವರು ತಮ್ಮ ಮಕ್ಕಳಿಗೆಂದು ತಂದುಕೊಟ್ಟ ಪೊಟ್ಟಣಗಳೂ ಬಾಯಿ ಕಟ್ಟದೆ ಇದ್ದವು. ಒಯ್ಯುವವರು ಒಳಗೇನಿದೆಯೆಂದು ನೋಡದೆ ಯಾವ ಪೊಟ್ಟಣವನ್ನೂ ಕಟ್ಟುವಂತಿಲ್ಲ, ಅದು ಅಲ್ಲಿಯ ಕ್ರಮ. ಹಪ್ಪಳ, ಕುಚ್ಚಲಕ್ಕಿ, ಮಾವಿನ ಮಿಡಿ ಎಲ್ಲ ಅವಳು ನೋಡಿ ಆದ ಮೇಲೆ ಅವಳ ತಾಯಿ, ಅವರ ಮನೆಮಾತಿನಲ್ಲಿ ಉಮ್ಮ, ಹಗ್ಗ ಬಿಗಿದರು. ಕಾಲಿನಿಂದ ಅದುಮಿ ಹಿಡಿದು ಬಲವಾಗಿ ಎಳೆದು, ಕೊನೆಗೆ ಹಾಕಿದ್ದು ಮಾತ್ರ ಒಂದು ಎಳೆತಕ್ಕೆ ಬಿಚ್ಚುವ ಕುಣಿಕೆ. ಅದರ ತುದಿಯನ್ನು ಹಗ್ಗದ ಅಡಿಗೆ ಸಿಕ್ಕಿಸಿದರು.

ದಾರಿಯಲ್ಲಿ ಬಿಚ್ಚಿಹೋದರೆ ಎಂದು ಕೇಳಿದೆ.

“ತುದಿ ಎಲ್ಲಿ ಉಂಟು ಅಂತ ಗೊತ್ತಿದ್ದವರಿಗೆ ಮಾತ್ರ ಬಿಚ್ಚುತ್ತದೆ ಟೀಚರ್” ಎಂದರು ಉಮ್ಮ. “ಅಲ್ಲಿ ಇವಳಿಗೆ ಕತ್ತಿ ಹುಡುಕಿ ಕೊಡ್ಲಿಕ್ಕೆ ಯಾರುಂಟು?”

ಅವಳು ನನ್ನ ಮುಖ ನೋಡಿದಳು, ನಾನು ಅವಳದ್ದು. ಉಮ್ಮನಿಗೆ ನಮ್ಮ ಫ್ಲಾಪಿಯ ಕಥೆ ಯಾರೂ ಹೇಳಿರಲಿಲ್ಲ. ನಾನು ಕೈಚೀಲದಿಂದ ಪಟ್ಟಿ ತೆಗೆದು ಪೆಟ್ಟಿಗೆಯ ಮೇಲೆ ಅಂಟಿಸಿದೆ.

ಅವಳು ಹೋದ ಮೇಲೆ ಮಸ್ಕತ್ತಿನಿಂದ ಒಂದೆರಡು ಹೊಸ ಪ್ರತಿಗಳು ಬಂದವು, ಎಲ್ಲವೂ ಜೀಜಿಪ್ಪಿನಲ್ಲೇ. ಅವನ್ನು ತುಂಡು ಮಾಡಿ ಫ್ಲಾಪಿಗೆ ಹಾಕಿ ಬಸ್ಸಿನಲ್ಲಿ ಒಯ್ಯುತ್ತಿದ್ದವಳು ನಾನು. ತೆರೆಯುತ್ತಿದ್ದವರು ಮಾಷ್ಟ್ರು, ಒಬ್ಬರೇ. ಜಗಲಿಯಲ್ಲಿ ಕೂರುವುದು ನನಗೆ ರೂಢಿಯಾಗಿತ್ತು.

ಚಳಿದೇಶದ ಆ ಮಹನೀಯರು ಒಂದು ದಿನ ಮತ್ತೆ ಬರೆದರು. ಬೀಜಿಪ್-ಟೂ ಬಂದು ವರ್ಷಗಳಾದವು, ಈಗ ಎಲ್ಲರೂ ಅದನ್ನೇ ಬಳಸುತ್ತಾರೆ, ನೀವೇಕೆ ಇನ್ನೂ ಹಳೆಯದನ್ನೇ ಹಿಡಿದುಕೊಂಡಿದ್ದೀರಿ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ನಾನು ಡಿಯರ್ ಸರ್ ಎಂದು ಶುರುಮಾಡಿದೆ. ತಾವು ಹೇಳುವುದು ಸರಿ, ಅಕ್ಷರಗಳನ್ನು ಕಲಸಿ ಮತ್ತೆ ಜೋಡಿಸುವ ಆ ವಿದ್ಯೆಯನ್ನು ನಾನು ನನ್ನ ಕೈಯಾರೆ ಮಾಡಿ ನೋಡಿ ಬೆರಗಾದವಳು. ಆದರೆ ಅಳದಂಗಡಿಯಲ್ಲಿ ಒಬ್ಬರು ಹಿರಿಯರಿದ್ದಾರೆ. ಅವರ ಯಂತ್ರ ಇದನ್ನು ಮಾತ್ರ ತೆರೆಯುತ್ತದೆ. ಅವರು ಈಗ ಮಕಾರದಲ್ಲಿದ್ದಾರೆ. ವಕಾರ, ಸಕಾರ, ಹಕಾರ ಮುಗಿಯುವವರೆಗೆ ತಾವು ದಯವಿಟ್ಟು ಸೈರಿಸಿಕೊಳ್ಳಬೇಕು.

ಉತ್ತರ ಮರುದಿನವೇ ಬಂತು. ಹಾಗಿದ್ದರೆ ಅದೇ ಇರಲಿ, ಬದಲಾಯಿಸಬೇಡಿ ಎಂದಿದ್ದರು. ಕೆಳಗೆ ಇನ್ನೊಂದು ಸಾಲು. ಅಳದಂಗಡಿ ಎಲ್ಲಿದೆ, ನನ್ನ ಮ್ಯಾಪಿನಲ್ಲಿ ಹುಡುಕಿದೆ, ಸಿಗಲಿಲ್ಲ.

ನಾನು ಕೂತು ಬರೆದೆ. ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿ ಬಸ್ಸು ಹತ್ತಿ. ಗುರುವಾಯನಕೆರೆಯಲ್ಲಿ ಇಳಿದು ವೇಣೂರು ಬಸ್ಸು ಹಿಡಿಯಿರಿ. ಕಂಡಕ್ಟರಿಗೆ ಮೊದಲೇ ಹೇಳಿಡಿ. ಮಾಷ್ಟ್ರು ಸ್ಟಾಪಿಗೆ ಬರುತ್ತಾರೆ.